ಮುಚ್ಚಿದ ಗೋಡೆಯ ಬಗ್ಗೆ ವಿವರಣೆ

ಕಟ್ಟಡ ತಪಾಸಣೆಯ ಸಾಹೇಬರಿಗೆ ನಮಸ್ಕಾರ.

ಹಳೇ ಮನೆ ಕೊಂಡು, ರಿಪೇರಿ ಮಾಡಿ ಮಾರೋದೇ ನನ್ನ ಕಸುಬು. ವೈರಿಂಗ್ ತಪಾಸಣೆ ಆಗೋ ಮುಂಚೆ ಗೋಡೆ ಮುಚ್ಚಬಾರದು ಅನ್ನೋದು ನನಗೇನು ಗೊತ್ತಿಲ್ಲದ್ದಲ್ಲ. ಆದರೂ ಅಡುಗೆಮನೆ ಗೋಡೆಯನ್ನು ಹಲಗೆ ಹಾಕಿ ಮುಚ್ಚಿ ಬಣ್ಣವನ್ನೂ ಹೊಡೆದುಬಿಟ್ಟೆ. ಯಾಕೆ ಅಂತ ನೋಟಿಸ್ ಕೊಟ್ಟಿದ್ದೀರಿ. ವೈರಿಂಗ್ ಮಾಡಿದ ಲೈಸೆನ್ಸ್‌ದಾರರೇ ಖುದ್ದಾಗಿ ಬಂದು ಗೋಡೆ ಬಿಚ್ಚಿ ತೋರಿಸಬೇಕು ಅಂತಲೂ ಬರೆದಿದ್ದೀರಿ.

ಆ ಲೈಸೆನ್ಸ್ ನನ್ನ ಮಗಳದು. ಅವಳ ಮರಣ ಪ್ರಮಾಣಪತ್ರದ ಪ್ರತಿ ಇದರ ಜೊತೆಗಿದೆ. ಕೆಲಸದಲ್ಲಿ ಆದದ್ದಲ್ಲ, ಜ್ವರ. ಅವಳ ವೈರಿಂಗ್‌ನಲ್ಲಿ ನಿಮಗೆ ತಪ್ಪು ಸಿಗಲ್ಲ. ನನ್ನನ್ನೇ ಬೈದು ತಿದ್ದುತ್ತಿದ್ದವಳು ಅವಳು.

ಬೇರೆ ಲೈಸೆನ್ಸ್‌ದಾರರೊಬ್ಬರನ್ನು ಗೊತ್ತು ಮಾಡಿದ್ದೇನೆ. ಬುಧವಾರ ಬನ್ನಿ. ಬೀಗದ ಕೈ ಪಕ್ಕದ ಮನೆಯಲ್ಲಿರುತ್ತೆ, ನಾನು ಬರಲ್ಲ. ನಿಯಮದ ಪ್ರಕಾರ ಎಷ್ಟು ದಂಡ ಹಾಕಿದರೂ ಕಟ್ಟುತ್ತೇನೆ. ಆದರೆ ದಯವಿಟ್ಟು ಹಲಗೆ ಒಡೆಯಬೇಡಿ, ಸ್ಕ್ರೂ ಬಿಚ್ಚಿ ತೆಗೆಯಿರಿ. ಒಳಗೆ, ಸಿಂಕಿನ ಮೇಲಿನ ಮರದ ಪಟ್ಟಿಯಲ್ಲಿ ಅವಳು ಪೆನ್ಸಿಲ್‌ನಿಂದ ಬರೆದಿದ್ದಾಳೆ: "ಅಪ್ಪಾ, ನಿನ್ನ ಕೈ ಸುಮ್ಮನಿರಲ್ಲ. ಇಲ್ಲಿ ವೈರ್ ಇದೆ, ಮೊಳೆ ಹೊಡೀಬೇಡ."

ನೀವು ಬರೋ ತನಕ ದಿನಾ ಅದನ್ನು ನೋಡ್ಕೊಂಡು ಕೆಲಸ ಮಾಡೋಕೆ ನನ್ನ ಕೈಲಾಗಲಿಲ್ಲ ಸಾಹೇಬರೇ. ಅದಕ್ಕೇ ಮುಚ್ಚಿದೆ.

ಸ್ಕ್ರೂ ಎಲ್ಲಾ ಅಂಚಿನಲ್ಲೇ ಇವೆ, ಬಿಚ್ಚೋದು ಸುಲಭ. ಆ ಗೋಡೆಗೆ ನಾನು ಒಂದು ಮೊಳೆಯನ್ನೂ ಹೊಡೆದಿಲ್ಲ. ನೋಡಿ ಆದ ಮೇಲೆ ಹಲಗೆ ಮತ್ತೆ ಮುಚ್ಚುವಾಗ ಮೊಳೆ ಹೊಡೀಬೇಡಿ ಅಂತ ನಿಮ್ಮವರಿಗೂ ಹೇಳಿ.

ಇಂತಿ,
ಆ ಮನೆಯ ಕಂಟ್ರಾಕ್ಟರ್, ಅವಳ ಅಪ್ಪ