ಹೆಸರು ಕೊಡುವ ಶನಿವಾರ

ಶ್ರೀಕಾರ್ಯಂ, ತಿರುವನಂತಪುರ
ಮಂಗಳವಾರ, 16 ಸೆಪ್ಟೆಂಬರ್ 2025

ಪ್ರೀತಿಯ ಮಗಳು ಕೃಪಾಳಿಗೆ,

ನಿನ್ನ ತಂದೆಯ ಆಶೀರ್ವಾದಗಳು. ನೀನೂ ಮಗು ಪ್ರತೀಕ್ಷಾಳೂ ಶಿವಮೊಗ್ಗೆಯಲ್ಲಿ ದೇವರ ದಯೆಯಿಂದ ಸೌಖ್ಯವಾಗಿರುವಿರೆಂದು ನಂಬಿದ್ದೇನೆ. ನಿನ್ನ ಸೊಂಟನೋವು ಹೇಗಿದೆ? ಬ್ಯಾಂಕಿನಲ್ಲಿ ಆ ಮುರುಕು ಕುರ್ಚಿಯನ್ನು ಬದಲಿಸಿಕೊಡಿರೆಂದು ಕೇಳಲು ನಿನಗೇಕೆ ಸಂಕೋಚವೋ ತಿಳಿಯದು. ಕೇಳದೆ ಕೊರಗುವುದು ನಿನ್ನ ಅಮ್ಮನಿಂದ ಬಂದ ಗುಣ. ಮಗು ಕಳಿಸಿದ ಕಾಪಿ ಹಾಳೆಯನ್ನು ದೇವರ ಪುಸ್ತಕದೊಳಗೆ ಇಟ್ಟಿದ್ದೇನೆ. ಇಲ್ಲಿದ್ದಾಗ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲಿ ಉತ್ತರ ಕೊಟ್ಟು ಓಡುತ್ತಿದ್ದವಳು ಈಗ ಒತ್ತಕ್ಷರಗಳನ್ನು ತಪ್ಪಿಲ್ಲದೆ ಬರೆಯುತ್ತಾಳೆಂದರೆ ಅದಕ್ಕಿಂತ ಹೆಚ್ಚಿನದನ್ನು ಈ ವಯಸ್ಸಿನಲ್ಲಿ ನಾನು ಬೇಡಲಾರೆ. ನನ್ನ ಆರೋಗ್ಯ ಇದ್ದಂತೆಯೇ ಇದೆ. ಸಕ್ಕರೆ ಹತೋಟಿಯಲ್ಲಿದೆ, ಬಲಗಾಲಿನ ಮಂಡಿ ನನ್ನ ಮಾತು ಕೇಳುತ್ತಿಲ್ಲ. ನಿವೃತ್ತನಾಗಿ ಹದಿನೇಳು ವರ್ಷವಾದರೂ ನಮ್ಮ ಬೆಳೆ ಸಂಶೋಧನಾ ಸಂಸ್ಥೆಯ ಹಳೆಯ ಸಹೋದ್ಯೋಗಿಗಳು ಓಣಂ ಹಬ್ಬಕ್ಕೆಂದು ಒಂದು ಚೀಲ ಮರಗೆಣಸು ಕಳಿಸಿದ್ದರು. ಒಬ್ಬನೇ ಎಷ್ಟು ಬೇಯಿಸಿ ತಿನ್ನಲಿ? ಪಕ್ಕದ ಮನೆಯವರಿಗೆ ಕೊಟ್ಟೆ.

ಕಳೆದ ವಾರ ನೀನು ಫೋನಿನಲ್ಲಿ ಕೇಳಿದ ಪ್ರಶ್ನೆಗೆ ನಾನು ಮಾತು ಮರೆಸಿದ್ದನ್ನು ನೀನು ಗಮನಿಸಿರಬೇಕು. "ಅಪ್ಪಾ, ಇವರನ್ನು ಸಭೆ ಮನಸಾರೆ ಸ್ವೀಕರಿಸಿತಾ? ಮುಂದಿನ ವಾರ ಶುಕ್ರವಾರದೊಳಗೆ ವರ್ಗಾವಣೆಯ ಅರ್ಜಿ ಹಾಕಬೇಕು, ಕೊಚ್ಚಿ ಅಂತ ಬರೆಯಲಾ ಬೇಡವಾ?" ಎಂದು ನಿನ್ನ ಗಂಡನ ವಿಷಯವಾಗಿ ಕೇಳಿದ್ದೆ. ಅದಕ್ಕೆ ಉತ್ತರವನ್ನು ಈ ಪತ್ರದಲ್ಲಿ ಬರೆಯುತ್ತಿದ್ದೇನೆ. ಕೊಚ್ಚಿ ಎಂದು ಬರೆಯಬೇಡ. ಕಾರಣವನ್ನು ನಡೆದ ಕ್ರಮದಲ್ಲಿಯೇ ಹೇಳುವೆನು; ತಾಳ್ಮೆಯಿಂದ ಓದು.

ಅಳಿಯಂದಿರು ಆರು ತಿಂಗಳ ವಿಶ್ರಾಂತಿಯನ್ನು ಧಾರವಾಡದ ಬಳಿಯ ಆಶ್ರಮದಲ್ಲಿ ಮುಗಿಸಿ ಈ ತಿಂಗಳ ಮೊದಲ ವಾರದಲ್ಲಿ ಮರಳಿದರು. ಮೈ ತುಂಬಿಕೊಂಡಿದೆ, ಕಣ್ಣಿನ ಕೆಳಗಿನ ಕಪ್ಪು ಹೋಗಿದೆ, ಧ್ವನಿ ಮೊದಲಿನಂತೆ ಕೊನೆಯ ಬೆಂಚಿನವರೆಗೂ ಕೇಳುತ್ತದೆ. ಕೊಚ್ಚಿಯ ಕಳಮಶ್ಶೇರಿಯಲ್ಲಿ ನಮ್ಮ ಕನ್ನಡ ಸಭೆಯವರು ತಮ್ಮ ಪಾದ್ರಿಗೆ ಶಾಲು ಹೊದಿಸಿದರು, ಪಾಯಸ ಹಂಚಿದರು. ಆದರೆ ಮರುದಿನದಿಂದಲೇ ಒಂದು ವಿಚಿತ್ರ ಆರಂಭವಾಯಿತು. ಅವರು ಯಾವ ಕೆಲಸಕ್ಕೆ ಕೈಹಾಕಿದರೂ ಯಾರಾದರೊಬ್ಬರು ಬಂದು ಅದನ್ನು ಅತ್ಯಂತ ಗೌರವದಿಂದ ಕಸಿದುಕೊಳ್ಳುತ್ತಿದ್ದರು. ರೋಗಿಗಳನ್ನು ನೋಡಲು ಹೊರಟರೆ, ಬಿಸಿಲಿದೆ, ವಿಶ್ರಾಂತಿ ತೆಗೆದುಕೊಳ್ಳಿರಿ. ಪ್ರಸಂಗಕ್ಕೆ ವಾಕ್ಯ ಆರಿಸಿದರೆ, ಬೇರೆಯವರು ಒಪ್ಪಿಕೊಂಡಾಗಿದೆ, ವಿಶ್ರಾಂತಿ ತೆಗೆದುಕೊಳ್ಳಿರಿ. ನಮ್ಮ ಕಾರ್ಯದರ್ಶಿ ಅಲ್ವಿನ್, ಬ್ಯಾಂಕಿನಲ್ಲಿ ನಿನಗಿಂತ ಎರಡು ವರ್ಷ ಹಿರಿಯನಾಗಿದ್ದವನು, ಅವರ ಕೈಯಿಂದ ಮೈಕನ್ನೇ ತೆಗೆದುಕೊಂಡು, "ಅಯ್ಯನವರೇ, ನೀವು ಸುಮ್ಮನೆ ಕೂತಿರಿ, ಎಲ್ಲ ನಾವು ನೋಡಿಕೊಳ್ತೇವೆ" ಎಂದನು. ಭಾನುವಾರ ಶಾಲೆಯ ಮಕ್ಕಳು ಅವರಿಗೆ "ರೆಸ್ಟ್ ಅಚ್ಚನ್" ಎಂದು ಹೆಸರಿಟ್ಟಿದ್ದಾರೆ. ಪಾದ್ರಿಗೆ ಇಲ್ಲಿನವರು ಅಚ್ಚನ್ ಎನ್ನುತ್ತಾರಲ್ಲ, ಅದಕ್ಕೆ ಈ ಬಾಲ. ಅದು ಅವರ ಕಿವಿಗೂ ಬಿತ್ತು. ನಕ್ಕರು. ನಗಬಾರದಿತ್ತು, ನಕ್ಕಮೇಲೆ ಹೆಸರು ಗಟ್ಟಿಯಾಯಿತು.

ಈ ವಿಶ್ರಾಂತಿ ಅವರಿಗೆ ಏಕೆ ದೊರಕಿತೆಂಬುದು ನಿನಗೆ ತಿಳಿಯದು. ಬಳಲಿಕೆಯಿಂದ ಎಂದು ನಾವೆಲ್ಲ ನಿನಗೆ ಹೇಳಿದೆವು. ಡಿಸೆಂಬರಿನಲ್ಲಿ ನಿನ್ನ ಅಮ್ಮನನ್ನು ಮಣ್ಣಿಗೆ ಒಪ್ಪಿಸಿದ ಆ ಮಧ್ಯಾಹ್ನವನ್ನು ನೆನಪುಮಾಡಿಕೋ. ನೀನು ನನ್ನ ತೋಳಿಗೆ ಆತು ಅಳುತ್ತಿದ್ದೆ, ಆದುದರಿಂದ ಕೇಳಿರಲಾರೆ. ಶವಸಂಸ್ಕಾರದ ಕ್ರಮವನ್ನು ಓದುತ್ತಿದ್ದ ಅಳಿಯಂದಿರು, ಪುನರುತ್ಥಾನದ "ನಿಶ್ಚಯವಾದ ನಿರೀಕ್ಷೆಯಿಂದ" ಎಂದು ಇರುವಲ್ಲಿ "ನಿರೀಕ್ಷೆಯಿಂದ" ಎಂದಷ್ಟೇ ಓದಿದರು. ನಲವತ್ತು ವರ್ಷ ಸಭೆಯ ಹಿರಿಯನಾಗಿ ಆ ಪುಟವನ್ನು ನೂರಾರು ಸಲ ಕೇಳಿದ ಕಿವಿ ನನ್ನದು. ಒಂದು ಮೆಟ್ಟಿಲು ಇಲ್ಲದ ಏಣಿಯ ಮೇಲೆ ಕಾಲಿಟ್ಟಂತಾಯಿತು. ಎಂಟನೆಯ ದಿನ ಇದೇ ಜಗಲಿಯಲ್ಲಿ ಅವರನ್ನು ಕೂರಿಸಿಕೊಂಡು ಕೇಳಿದೆ. ಕಣ್ಣು ಸಾಲು ತಪ್ಪಿತು ಎಂದಿದ್ದರೆ ನಾನು ನಂಬುತ್ತಿದ್ದೆ, ನಂಬಬೇಕೆಂದೇ ಕೇಳಿದ್ದೆ. ಅವರು, "ಮಾವ, ಕಣ್ಣು ತಪ್ಪಿದ್ದಲ್ಲ. ಅತ್ತೆಯ ಮುಖ ನೋಡಿದಾಗ ನನ್ನಲ್ಲಿ ನಿರೀಕ್ಷೆ ಇತ್ತು, ನಿಶ್ಚಯ ಇರಲಿಲ್ಲ. ಇಲ್ಲದ್ದನ್ನು ಅವರ ಮೇಲೆ ಹೇಳಲಾರದೆ ಬಿಟ್ಟೆ" ಎಂದರು. ಪ್ರಾಮಾಣಿಕತೆ ದೊಡ್ಡ ಗುಣವೆಂದು ನಾನೇ ನಿನಗೆ ಕಲಿಸಿದ್ದೇನೆ. ಆದರೆ ನನ್ನ ನಲವತ್ತೊಂಬತ್ತು ವರ್ಷಗಳ ಜೊತೆಗಾರ್ತಿ ಒಂದು ಪದ ಕಡಿಮೆಯಾಗಿ ಮಣ್ಣಿನಲ್ಲಿ ಮಲಗಿದ್ದಾಳೆಂಬುದನ್ನು ಆ ಗುಣದ ಯಾವ ತಕ್ಕಡಿಯಲ್ಲಿ ತೂಗಲಿ? ಆ ಮಾತನ್ನು ಹಿರಿಯರ ಕೂಟಕ್ಕೆ ತಿಳಿಸಿದವನು ನಾನೇ. ಕೂಟದವರು ನನ್ನ ಮುಖ ನೋಡಿ ಅವರನ್ನು ವಜಾ ಮಾಡಲಿಲ್ಲ, ವಿಶ್ರಾಂತಿ ಎಂದು ಹೆಸರಿಟ್ಟು ಕಳಿಸಿದರು.

ಇನ್ನು ಮೊನ್ನೆಯ ವಿಷಯ. ಅಳಿಯಂದಿರು ಮರಳಿದ ಬಳಿಕ ಮೊದಲ ಸಲ ರೊಟ್ಟಿ ದ್ರಾಕ್ಷಾರಸದ ಕರ್ತನ ಭೋಜನವನ್ನು ಈ ಭಾನುವಾರಕ್ಕೆ ಇರಿಸಲಾಗಿತ್ತು. ನಮ್ಮ ಸಭೆಯ ಪದ್ಧತಿ ನಿನಗೆ ಹೊಸದಲ್ಲ. ಭೋಜನಕ್ಕೆ ಬರುವವರು ಹಿಂದಿನ ಶನಿವಾರ ಸಭಾಪಾಲಕರಲ್ಲಿಗೆ ಬಂದು ಹೆಸರು ಕೊಡಬೇಕು. ಯಾರೊಡನೆಯಾದರೂ ವೈರವಿದ್ದವರ ಹೆಸರನ್ನು ಪಾಲಕರು ನಿಲ್ಲಿಸಬಹುದು. ಭಾನುವಾರ ಹಿರಿಯನು ಹೆಸರುಗಳನ್ನು ಓದಿದಂತೆ ಒಬ್ಬೊಬ್ಬರೂ ಎದ್ದು ಮುಂದೆ ಬರಬೇಕು. ಓದದ ಹೆಸರಿನವನು ಕುಳಿತಲ್ಲಿಯೇ ಕುಳಿತಿರಬೇಕು, ಕಾರಣ ಕೇಳುವಂತಿಲ್ಲ. ಬೇರೆ ಸಭೆಗಳು ಇದನ್ನು ಎಂದೋ ಕೈಬಿಟ್ಟಿವೆ. ನಾವು ಬಿಟ್ಟಿಲ್ಲ, ಬಿಡಲು ನಾನು ಬಿಟ್ಟಿಲ್ಲ. ಚಾಲೈ ಪೇಟೆಯಿಂದ ಕಪ್ಪು ಒಣದ್ರಾಕ್ಷಿ ತಂದು ನಿನ್ನ ಅಮ್ಮನ ಭರಣಿಯಲ್ಲಿಯೇ ದ್ರಾಕ್ಷಾರಸ ಇಳಿಸಿದ್ದೆ. ಅವಳು ಇಳಿಸಿಟ್ಟದ್ದು ಮುಗಿದ ಮೇಲೆ, ಅವಳಿಲ್ಲದೆ ಮಾಡಿದ ಮೊದಲನೆಯದು. ಭರಣಿಯನ್ನು ಮಡಿಲಲ್ಲಿ ಇಟ್ಟುಕೊಂಡು ಶನಿವಾರ ಬೆಳಗಿನ ರೈಲಿನಲ್ಲಿ ಕೊಚ್ಚಿಗೆ ಹೋದೆ.

ನಾಲ್ಕು ಗಂಟೆಗೆ ಅಳಿಯಂದಿರು ಪಾಲಕರ ಮನೆಯ ಮುಂದಿನ ಕೋಣೆಯಲ್ಲಿ ಮೇಜಿನ ಮೇಲೆ ಪುಸ್ತಕ ಬಿಚ್ಚಿ ಕುಳಿತರು. ಗೋಡೆಯ ಬದಿಗೆ ಹತ್ತು ಕುರ್ಚಿಗಳನ್ನು ತಾವೇ ಹಾಕಿದರು, ಕಾಯುವವರಿಗೆಂದು. ಬರುವವರಿಗೆ ಚಹಾ ಬೇಕೆಂದು ದೊಡ್ಡ ಪಾತ್ರೆಯಲ್ಲಿ ನೀರಿಟ್ಟರು. ಐದಾಯಿತು. ಗೇಟಿನ ಸದ್ದಾದಾಗಲೆಲ್ಲ ಎದ್ದು ಅಂಗಿಯ ಗುಂಡಿ ಸರಿಮಾಡಿಕೊಳ್ಳುತ್ತಿದ್ದರು. ಒಮ್ಮೆ ಹಾಲಿನವನು, ಒಮ್ಮೆ ಪಕ್ಕದ ಮನೆಯ ಪಾರ್ಸೆಲನ್ನು ತಪ್ಪಿ ತಂದವನು. ನೀರು ಕುದಿದು ಕುದಿದು ಬತ್ತಿತು. ಆರು ಗಂಟೆಗೆ ಅವರು ನನ್ನ ಕಡೆ ತಿರುಗಿ, "ಮಾವ, ನಿಮಗೇನಾದರೂ ಯಾರಾದರೂ ಹೇಳಿದ್ದರಾ?" ಎಂದು ಕೇಳಿದರು. ನಾನು, "ಪುಸ್ತಕ ನಿಮ್ಮ ಮುಂದೆಯೇ ಇದೆ" ಎಂದೆ. ಅವರು ಆ ಖಾಲಿ ಪುಟದ ಮೇಲೆ ದಿನಾಂಕವನ್ನು ಬರೆದು ಪೆನ್ನಿನ ಮುಚ್ಚಳ ಹಾಕಿದರು. ಹತ್ತು ಕುರ್ಚಿಗಳನ್ನೂ ತಾವೇ ಒಂದರೊಳಗೊಂದು ಸೇರಿಸಿಟ್ಟರು.

ಭಾನುವಾರ ಆರಾಧನೆಗೆ ಜನ ತುಂಬಿದ್ದರು. ಓಣಂ ರಜೆಗೆ ಊರಿಗೆ ಹೋದವರೂ ಮರಳಿದ್ದರು. ಮೇಜಿನ ಮೇಲೆ ಬಿಳಿಯ ಬಟ್ಟೆ, ರೊಟ್ಟಿ, ನಿನ್ನ ಅಮ್ಮನ ಭರಣಿಯಿಂದ ಬಗ್ಗಿಸಿದ ರಸ. ಹೆಸರು ಓದುವ ಹೊತ್ತು ಬಂದಾಗ ನಾನು ಎದ್ದು ಪುಸ್ತಕ ತೆರೆದು, "ಇಂದು ಓದಲು ಹೆಸರುಗಳಿಲ್ಲ" ಎಂದು ಹೇಳಿ ಕುಳಿತೆ. ಅಳಿಯಂದಿರು ಜನರನ್ನು ನೋಡಿದರು, ಜನರು ಅವರನ್ನು ನೋಡಿದರು. ಅಲ್ವಿನ್ ಕಿವಿಯವರೆಗೆ ಕೆಂಪಾಗಿ ನೆಲ ನೋಡಿದನು. ಗಾಯನ ನಡೆಸುವ ನಿರ್ಮಲ ಹಾಡಿನ ಪುಸ್ತಕವನ್ನು ಬಾಯಿಗೆ ಒತ್ತಿಕೊಂಡಳು. ಒಬ್ಬರಾದರೂ ಎದ್ದಾರೆಂದು ಅಳಿಯಂದಿರು ಕಾದರು. ಹೊರಗೆ ಮೆಟ್ರೋ ಒಂದು ಹೋಯಿತು, ಇನ್ನೊಂದು ಬಂದಿತು. ಆಮೇಲೆ ಬಟ್ಟೆಯ ತುದಿಯನ್ನು ಎತ್ತಿ, ತೀರಿಹೋದವರ ಮುಖಕ್ಕೆ ಮುಸುಕು ಎಳೆಯುವ ಹಾಗೆ, ರೊಟ್ಟಿಯ ಮೇಲೂ ಬಟ್ಟಲಿನ ಮೇಲೂ ಮುಚ್ಚಿದರು. ಆಶೀರ್ವಚನವನ್ನು ಪೂರ್ತಿಯಾಗಿ, ಒಂದು ಪದವನ್ನೂ ಬಿಡದೆ ಹೇಳಿದರು. ಒಳಕೋಣೆಗೆ ಬಂದು ನಿಲುವಂಗಿಯನ್ನು ಕಳಚಿ, ಮಡಿಸಿ, ನನ್ನ ಕೈಯಲ್ಲಿ ಇಟ್ಟು, "ಮಾವ, ಈಗ ನನಗೆ ವಿಶ್ರಾಂತಿ ಸಿಕ್ಕಿತು" ಎಂದರು. ಸಿಟ್ಟಿನಿಂದ ಅಂದಿದ್ದರೆ ನನಗೆ ಹಗುರವಾಗುತ್ತಿತ್ತು.

ಬಾಗಿಲಲ್ಲಿ ಅಲ್ವಿನ್ ನನ್ನನ್ನು ತಡೆದು, "ಅಂಕಲ್, ಅಯ್ಯನವರಿಗೆ ನಮ್ಮ ಮೇಲೆ ಇಷ್ಟು ಕೋಪ ಇತ್ತಾ?" ಎಂದು ಕೇಳಿದನು. ನಾನು ಕೊಡೆ ಬಿಡಿಸಿಕೊಂಡು ಹೊರಟೆ. ಅಂದು ಸಂಜೆಯೇ ಅಳಿಯಂದಿರು ರಾಜೀನಾಮೆ ಬರೆದುಕೊಟ್ಟಿದ್ದಾರೆ. ಶುಕ್ರವಾರ ಹನ್ನೊಂದು ಗಂಟೆಗೆ ಹಿರಿಯರ ಕೂಟವು ಅದನ್ನು ಅಂಗೀಕರಿಸಲಿದೆ. ಅಲ್ಲಿಯವರೆಗೆ ನಿನಗೆ ಹೇಳಬಾರದೆಂದು ನನ್ನಲ್ಲಿ ಬೇಡಿಕೊಂಡಿದ್ದಾರೆ, ತಾವೇ ಬಂದು ಹೇಳುವರಂತೆ. ಮಗುವಿನ ಎದುರು ಹೇಗೆ ಹೇಳಬೇಕೆಂಬುದೇ ಅವರ ಚಿಂತೆ. ಆದುದರಿಂದ ಅರ್ಜಿಯಲ್ಲಿ ಕೊಚ್ಚಿ ಎಂದು ಬರೆಯಬೇಡ. ಇಲ್ಲಿ ಅವರಿಗೆ ಸಭೆಯಿಲ್ಲ, ನಿನಗೆ ಮನೆಯಿಲ್ಲ.

ಮಗುವಿಗೆ ನನ್ನ ಮುತ್ತುಗಳು. ಸೊಂಟಕ್ಕೆ ಬಿಸಿನೀರಿನ ಶಾಖ ಕೊಟ್ಟುಕೋ. ನಿಮ್ಮಿಬ್ಬರ ಹೋಗುವಿಕೆ ಬರುವಿಕೆಗಳನ್ನು ಕರ್ತನು ಕಾಯಲಿ.

ನಿನ್ನ ತಂದೆ,
ಸುಜ್ಞಾನ ಕರ್ಕಡ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಲಕೋಟೆಗೆ ಅಂಟು ಹಚ್ಚುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ. ಹೆಸರುಗಳು ಬಂದಿದ್ದವು. ಅಳಿಯಂದಿರು ಇಲ್ಲದ ಆರು ತಿಂಗಳು, ಹೊರಗಿನ ಪಾಲಕರು ಬಂದು ಭೋಜನ ನಡೆಸುವಾಗ, ಜನರು ಫೋನಿನಲ್ಲಿ ನನಗೇ ಹೆಸರು ಕೊಡುತ್ತಿದ್ದರು. ಅದೇ ರೂಢಿಯಲ್ಲಿ ಈ ಸಲವೂ ಗುರುವಾರದೊಳಗೆ ಹದಿನೇಳು ಮನೆಗಳಿಂದ ನಲವತ್ತೊಂದು ಹೆಸರು ಕೊಟ್ಟರು. ಮೊದಲು ಕೊಟ್ಟವನು ಅಲ್ವಿನ್. ಅಯ್ಯನವರ ಮನೆಗೇ ಹೋಗಬೇಕೇ ಎಂದು ನಿರ್ಮಲ ಕೇಳಿದಳು. ಬೇಡಮ್ಮ, ಅವರು ವಿಶ್ರಾಂತಿ ಪಡೆಯಲಿ ಎಂದೆ. ಪಟ್ಟಿ ಶನಿವಾರವೂ ಭಾನುವಾರವೂ ನನ್ನ ಅಂಗಿಯ ಜೇಬಿನಲ್ಲಿತ್ತು. ಇರಬೇಕಾದ ಮಾತು ಇಲ್ಲದ ಪುಟವನ್ನು ಅವರೂ ಒಮ್ಮೆ ನೋಡಲಿ ಎಂದುಕೊಂಡೆ. ಜನರು ತಮ್ಮನ್ನು ಬೇಡವೆಂದರೆಂದು ಅವರು ತಿಳಿದರು. ಅವರು ತಮ್ಮೆಲ್ಲರ ಹೆಸರನ್ನು ನಿಲ್ಲಿಸಿದರೆಂದು ಜನರು ತಿಳಿದರು. ಕಾರಣ ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ನಿನ್ನೆ ನಿನ್ನ ಅಮ್ಮನ ಸಮಾಧಿಗೆ ಹೋಗಿದ್ದೆ. ಓಣಂಗೆ ಮುಂಚೆ ನಿಮ್ಮ ಅಚ್ಚನ್ ಬಂದಿದ್ದರೆಂದು ಅಲ್ಲಿನ ಕಾವಲುಗಾರ ಹೇಳಿದನು. ಊರಿಂದ ಬಂದಿಳಿದವರು ಪೆಟ್ಟಿಗೆ ಸಮೇತ ನೇರ ಅಲ್ಲಿಗೇ ಬಂದು, ಮಳೆಯಲ್ಲಿ ನಿಂತು, ಪುಸ್ತಕ ತೆಗೆದು ಎಲ್ಲವನ್ನೂ ಮೊದಲಿನಿಂದ ಓದಿದರಂತೆ. ಅವನಿಗೆ ಭಾಷೆ ತಿಳಿಯಲಿಲ್ಲವಂತೆ, ಒಂದು ಮಾತು ಮಾತ್ರ ತಿಳಿಯಿತಂತೆ, ಏಕೆಂದರೆ ಅದು ಅವನ ಮಲಯಾಳದಲ್ಲಿಯೂ ಇದೆ, ಅದನ್ನು ಅಳಿಯಂದಿರು ಮೂರು ಸಲ ಹೇಳಿದರಂತೆ. "ನಿಶ್ಚಯಂ" ಎಂದು ಕಾವಲುಗಾರ ನನಗೆ ಅಂದು ತೋರಿಸಿದನು. ನನಗೆ ಇದನ್ನು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಪಟ್ಟಿಯನ್ನು ಇದರೊಳಗೆ ಇಟ್ಟಿದ್ದೇನೆ. ಸಭೆಯ ಮುಂದೆ ಓದಲು ನನ್ನಿಂದಾಗದು. ಇದರ ಫೋಟೋ ಒಂದನ್ನು ನೀನು ಶುಕ್ರವಾರ ಹನ್ನೊಂದರೊಳಗೆ ಅಲ್ವಿನನಿಗೆ ಕಳಿಸಿದರೆ ಸಾಕು, ರಾಜೀನಾಮೆ ನಿಲ್ಲುತ್ತದೆ, ಆಗ ನೀನು ಅರ್ಜಿಯಲ್ಲಿ ಕೊಚ್ಚಿ ಎಂದೇ ಬರೆಯಬಹುದು. ಬೆಳಿಗ್ಗೆಯಿಂದ ಎರಡು ಸಲ ನಿನ್ನ ನಂಬರು ಒತ್ತಿ, ನೀನು ಎತ್ತುವ ಮುಂಚೆ ಕಡಿದೆ. ಈ ಮಾತನ್ನು ನಿನ್ನ ಧ್ವನಿ ಕೇಳುತ್ತ ಹೇಳಲಾರೆ. ಇಂದಿನ ಅಂಚೆಗೇ ಹಾಕುತ್ತೇನೆ. ಶುಕ್ರವಾರದೊಳಗೆ ನಿನ್ನ ಕೈ ಸೇರುವುದೆಂಬ ನಿರೀಕ್ಷೆ ಇದೆ. ನಿಶ್ಚಯವಿಲ್ಲ.