ಗುಜರಿಗೆ ಹಾಕುವ ಮುನ್ನ ಆ ಸ್ಟೀರಿಂಗ್ ಬಿಚ್ಚಿ ನೋಡಿ

ವಾಹನ ತಪಾಸಣಾ ಕಚೇರಿಯ ಮುಖ್ಯಸ್ಥರಿಗೆ,

ಮಾನ್ಯರೇ,

ನನ್ನ ಗಂಡ ಒಮುರ್ಜಾಕ್ ತಮ್ಮ ಅಜಾಗರೂಕತೆಯಿಂದಲೇ ಸತ್ತರೆಂದು ನಿಮ್ಮ ಕಚೇರಿ ಬರೆದು ಮೊಹರು ಒತ್ತಿದೆ. ದೊಲೊನ್ ಘಾಟಿಯ ಇಳಿಜಾರಿನಲ್ಲಿ ಮುಂದಿದ್ದ ಲಾರಿಯನ್ನು ಹಿಂದಿಕ್ಕಲು ಹೋಗಿ ವ್ಯಾನನ್ನು ಪ್ರಪಾತಕ್ಕೆ ಬೀಳಿಸಿಕೊಂಡರಂತೆ. ಇದು ಸುಳ್ಳು. ಸುಳ್ಳೆಂದು ತೋರಿಸುವ ವಸ್ತು ನಿಮ್ಮದೇ ಅಂಗಳದಲ್ಲಿ, ನಜ್ಜುಗುಜ್ಜಾದ ಆ ವ್ಯಾನಿನ ಡ್ಯಾಶ್‌ಬೋರ್ಡಿನ ಒಳಗೆ ಇನ್ನೂ ಇದೆ. ಈ ತಿಂಗಳ ಕೊನೆಗೆ ವ್ಯಾನನ್ನು ಗುಜರಿಗೆ ಹಾಕುವುದಾಗಿ ನನಗೆ ನೋಟಿಸು ಬಂದಿದೆ. ಬಿಚ್ಚಿ ನೋಡಿ ಎಂದು ಕೇಳಲು ನಿಮ್ಮ ಕಚೇರಿಗೆ ಅಲೆದು ಅಲೆದು ಸಾಕಾಯಿತು. ಅರ್ಜಿ ಸರಿಯಾದ ನಮೂನೆಯಲ್ಲಿಲ್ಲ ಎಂದು ಕಿಟಕಿಯ ಹಿಂದಿನ ಹುಡುಗಿ ಪ್ರತಿ ಸಲವೂ ಬಹಳ ವಿನಯದಿಂದ ಹೇಳಿದಳು. ಪತ್ರಿಕೆಗೆ ಬರೆಯಲು ನಮೂನೆ ಬೇಕಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಿಮಗೆ ಗೊತ್ತಿರುವುದನ್ನೇ ಮೊದಲು ಹೇಳುತ್ತೇನೆ. ಕಚೇರಿಯ ಕಾರಿನ ಹಿಂದಿನ ಸೀಟಿನಿಂದ ಇದು ಕಾಣದೇ ಇದ್ದಿರಬಹುದು. ನಮ್ಮ ದೇಶದಲ್ಲಿ ಗಾಡಿಗಳು ರಸ್ತೆಯ ಬಲಗಡೆ ಓಡುತ್ತವೆ. ಜಪಾನಿನಿಂದ ಬರುವ ಹಳೆಯ ಗಾಡಿಗಳಿಗೆ ಸ್ಟೀರಿಂಗೂ ಬಲಗಡೆಯೇ. ಹಾಗಾಗಿ ಅವನ್ನು ಓಡಿಸುವವನು ರಸ್ತೆಯ ನಡುವಿಗಲ್ಲ, ಚರಂಡಿಯ ಕಡೆಗೆ ಕೂತಿರುತ್ತಾನೆ. ಮುಂದೊಂದು ಕಲ್ಲಿದ್ದಲ ಲಾರಿ ಸಿಕ್ಕಿತೆಂದರೆ ಎದುರಿನಿಂದ ಏನು ಬರುತ್ತಿದೆಯೆಂದು ಅವನಿಗೆ ಕಾಣುವುದಿಲ್ಲ, ಎಡಗಡೆಯ ಸೀಟಿನಲ್ಲಿ ಕೂತವರಿಗೆ ಕಾಣುತ್ತದೆ. ಹಾಗೆಂದು ಗೊತ್ತಿದ್ದೂ ಇಂಥ ಗಾಡಿ ಯಾಕೆ ಕೊಂಡಿರಿ ಎಂದು ನೀವು ಕೇಳಬಹುದು. ಎಡಗಡೆ ಸ್ಟೀರಿಂಗಿನದು ನಮ್ಮ ಕೈಗೆ ಎಟುಕುತ್ತಿರಲಿಲ್ಲ, ಎಟುಕಿದ್ದು ತುಕ್ಕು ಹಿಡಿದಿತ್ತು. ಇದಾದರೋ ತಳದಲ್ಲಿ ಒಂದು ಚೂರು ತುಕ್ಕಿಲ್ಲದೆ, ಸೀಟಿಗೆ ಹಾಕಿದ ಬಟ್ಟೆಯೂ ಮಾಸದೆ ಬಂದಿತ್ತು. ನಮ್ಮೂರು ಕೊಚ್ಕೋರಿನಿಂದ ಘಾಟಿಯಾಚೆಯ ನಾರಿನ್‌ಗೆ ಜನರನ್ನು ಕರೆದೊಯ್ಯುವ ವ್ಯಾನುಗಳಲ್ಲಿ ಅರ್ಧಕ್ಕೆ ಅರ್ಧ ಇಂಥವೇ. ಶಾಲೆಯಲ್ಲಿ ರಷ್ಯನ್ ಕಲಿಸುತ್ತಿದ್ದ ನಾನು ಆ ಕೆಲಸ ಬಿಟ್ಟು ಎಡಗಡೆಯ ಸೀಟಿನಲ್ಲಿ ಹದಿನೇಳು ವರ್ಷ ಕೂತೆ.

"ಬೈಬಿಚೆ, ಹೇಗಿದೆ?" ಎಂದು ಅವರು ಕೇಳುತ್ತಿದ್ದರು. ನಮ್ಮಲ್ಲಿ ವಯಸ್ಸಾದ ಹೆಂಡತಿಯನ್ನು ಮರ್ಯಾದೆಯಿಂದ ಹಾಗೆ ಕರೆಯುತ್ತಾರೆ. ನನ್ನ ತಲೆಯಲ್ಲಿ ಒಂದೂ ಬಿಳಿಗೂದಲಿಲ್ಲದಾಗಲೇ ಇವರು ಹಾಗೆ ಕರೆದು ರೇಗಿಸಲು ಶುರುಮಾಡಿದ್ದರು.

"ಇರಿ, ಟ್ಯಾಂಕರ್ ಒಂದು ಬರ್ತಾ ಇದೆ."

"ಈಗ?"

"ಅದರ ಹಿಂದೆ ಇನ್ನೊಂದು. ಅವಸರ ಯಾಕೆ, ನಾರಿನ್ ಎಲ್ಲಿಗೂ ಓಡಿಹೋಗಲ್ಲ."

"ಹೋಗ್ಲಾ?"

"ಹ್ಞಾಂ, ಹೋಗಿ."

ನಾನು ಹೋಗಿ ಎನ್ನದೆ ಅವರು ಒಂದು ಸಲವೂ ಗಾಡಿಯನ್ನು ಆಚೆಗೆ ತೆಗೆದವರಲ್ಲ. ಹಿಂದೆ ಕೂತ ಜನ ತಮಾಷೆ ಮಾಡುತ್ತಿದ್ದರು. "ಅಣ್ಣ, ಗಾಡಿ ನಿಂದೋ ಅಕ್ಕಂದೋ?" ಎಂದು ಯಾರಾದರೂ ಕೆಣಕಿದರೆ, "ಗಾಡಿ, ಮನೆ, ಕುರಿ ಎಲ್ಲಾ ಅವಳದ್ದೇ ಕಣಪ್ಪ. ನಾನು ಬ್ರೇಕ್ ತುಳಿಯೋಕೆ ಇರೋನು" ಎನ್ನುತ್ತಿದ್ದರು. ಜಗಳವಾಡಿ ಮಾತು ಬಿಟ್ಟ ದಿನಗಳೂ ಇದ್ದವು. ಅಂಥ ದಿನ ಊರಿನಿಂದ ಊರಿಗೆ ಹೇಗಿದೆ, ಇರಿ, ಹೋಗಿ, ಇಷ್ಟೇ ನಮ್ಮ ಸಂಸಾರ. ಘಾಟಿ ಇಳಿಯುವ ಹೊತ್ತಿಗೆ ನಾನೇ ಒಂದು ಕುರುತ್, ಅದೇ ಒಣಮೊಸರಿನ ಉಪ್ಪುಂಡೆ, ಅವರ ಬಾಯಿಗೆ ಹಾಕಿರುತ್ತಿದ್ದೆ. ಎದುರಿನ ರಸ್ತೆಯನ್ನು ಇಬ್ಬರೂ ಸೇರಿ ನೋಡುವವರಿಗೆ ಎಷ್ಟು ಹೊತ್ತು ಮುನಿಸಿಕೊಂಡು ಇರಲಾದೀತು?

ಹೀಗಿರುವಾಗ ನಿಮ್ಮ ಆಜ್ಞೆ ಬಂತು. ಬಲಗಡೆಯ ಸ್ಟೀರಿಂಗನ್ನು ಎಡಕ್ಕೆ ಬದಲಿಸಿಕೊಳ್ಳದ ಪ್ರಯಾಣಿಕರ ಗಾಡಿಗಳ ಪರವಾನಗಿ ರದ್ದು. ಆಜ್ಞೆ ತಪ್ಪೆಂದು ನಾನು ಹೇಳುವುದಿಲ್ಲ. ಈ ರಸ್ತೆಗೆ ಎಡಗಡೆಯ ಸ್ಟೀರಿಂಗೇ ಸರಿ, ಎಲ್ಲರ ಮನೆಯಲ್ಲೂ ಮುಂದೆ ಕೂರಲು ಹೆಂಡತಿಗೆ ಬಿಡುವಿರುವುದಿಲ್ಲ. ಆದರೆ ಸ್ಟೀರಿಂಗ್ ಎಂದರೆ ಗೋಡೆಯ ಗಡಿಯಾರವೇ, ಈ ಮೊಳೆಯಿಂದ ತೆಗೆದು ಆ ಮೊಳೆಗೆ ನೇತುಹಾಕಲು? ನೀವು ಕೊಟ್ಟ ಗಡುವು ವಸಂತ ಮುಗಿಯುವವರೆಗೆ ಮಾತ್ರ ಇತ್ತು. ನೀವೇ ಒಪ್ಪಿಗೆ ಕೊಟ್ಟ ಶೆಡ್ಡಿಗೆ ನಾವಿಬ್ಬರೂ ಹೋದೆವು. ಅದರ ಯಜಮಾನ ಮಾತುಗಾರ.

"ಎರಡು ತರ ಇದೆ ಅಣ್ಣ," ಎಂದ. "ಎಡಗಡೆ ಗಾಡೀದೇ ಪೂರ್ತಿ ಸಾಮಾನು ತರಿಸಿ ಹಾಕೋದು ಒಂದು. ಸ್ಟೀರಿಂಗ್ ಸೆಟ್ಟು, ಪೆಡಲ್ಲು, ಡ್ಯಾಶ್‌ಬೋರ್ಡು, ಎಲ್ಲಾ. ಅದು ಬರೋಷ್ಟರಲ್ಲಿ ನಡು ಬೇಸಿಗೆ, ಹುಲ್ಲು ಕೊಯ್ಯೋ ಕಾಲ ಬಂದಿರುತ್ತೆ. ಇನ್ನೊಂದು, ಹಳೇದನ್ನ ಅಲ್ಲೇ ಬಿಟ್ಟು, ಒಳಗಡೆಯಿಂದ ಚೈನ್ ಹಾಕಿ ಈ ಕಡೆಗೆ ಎಳ್ಕೊಳ್ಳೋದು. ನಾಳಿದ್ದು ಗಾಡಿ ತಗೊಂಡು ಹೋಗಿ."

"ಚೈನು ಅಂದ್ರೆ?" ಎಂದು ನಾನು ಕೇಳಿದೆ.

"ಸೈಕಲ್ ಚೈನ್ ನೋಡಿದೀರಲ್ಲ ಅಕ್ಕ, ಅದೇ. ಇದು ಸ್ವಲ್ಪ ದಪ್ಪ."

"ಸೈಕಲ್ ಚೈನು ಕಳಚ್ಕೊಳ್ಳುತ್ತಲ್ಲಪ್ಪ."

"ಏನಕ್ಕ ನೀವು, ಆಫೀಸಿನವರೇ ನೋಡಿ ಮೊಹರು ಹಾಕ್ತಾರೆ. ಕಳಚ್ಕೊಳ್ಳೋ ಹಾಗಿದ್ರೆ ಹಾಕ್ತಾರಾ?"

ನಮ್ಮವರು ನನ್ನ ಮುಖ ನೋಡಿದರು. ಗಡುವು ಹತ್ತಿರವಿತ್ತು, ಚೈನಿಗೇ ಒಪ್ಪಿಕೊಂಡೆವು. ಇವತ್ತು ಅವನ ಆ ಪ್ರಶ್ನೆಯನ್ನು ನಿಮ್ಮ ಮೇಜಿಗೆ ಕಳಿಸುತ್ತಿದ್ದೇನೆ. ಹುಲ್ಲು ಕೊಯ್ಯುವ ಕಾಲದವರೆಗೆ ಗಡುವು ಕೊಟ್ಟಿದ್ದರೆ ನಿಮ್ಮ ಕಚೇರಿಯ ಛಾವಣಿ ಹಾರಿಹೋಗುತ್ತಿತ್ತೇ?

ತಪಾಸಣೆಯ ದಿನ ನಿಮ್ಮ ಅಧಿಕಾರಿ ಬಂದರು. ಸ್ಟೀರಿಂಗ್ ಎಡಗಡೆ ಇದೆಯೆಂದು ಕಿಟಕಿಯಿಂದ ಇಣುಕಿ ಖಚಿತಪಡಿಸಿಕೊಂಡರು. ಕೈ ಒಳಗೆ ಹಾಕಿ ಒಮ್ಮೆ ತಿರುಗಿಸಿದರು. ಹಾರ್ನ್ ಮಾಡಿ ಎಂದರು. ಹಾರ್ನ್ ಬಹಳ ಚೆನ್ನಾಗಿತ್ತು, ಅದರಲ್ಲಿ ನನ್ನದೇನೂ ತಕರಾರಿಲ್ಲ. ಡ್ಯಾಶ್‌ಬೋರ್ಡಿನ ಮುಚ್ಚಳದ ಸ್ಕ್ರೂ ತೆಗೆದು ಒಳಗೇನಿದೆ ಎಂದು ನೋಡಲಿಲ್ಲ. ನಮ್ಮ ವ್ಯಾನಿನ ದೊಡ್ಡ ಬಾಗಿಲು ಎಡಗಡೆ ಇತ್ತು. ಜನ ಇಳಿಯುತ್ತಿದ್ದದ್ದು ಅಂಚಿಗಲ್ಲ, ಓಡುವ ಗಾಡಿಗಳ ನಡುವೆ. ಸುರಕ್ಷತೆಗಾಗಿ ಸ್ಟೀರಿಂಗ್ ಬದಲಿಸಿದ ನಿಮ್ಮ ಕಚೇರಿಯ ಕಣ್ಣಿಗೆ ಆ ಬಾಗಿಲು ಇವತ್ತಿನವರೆಗೂ ಬಿದ್ದಿಲ್ಲ. ಅಧಿಕಾರಿಗಳು ನಮ್ಮಲ್ಲಿ ಒಂದು ಲೋಟ ಚಹಾ ಕುಡಿದು, ಯೋಗ್ಯ ಎಂದು ಮೊಹರು ಒತ್ತಿ ಹೋದರು.

ಈ ಪತ್ರವನ್ನು ಚಾಲಕರೂ ಓದುತ್ತಾರೆ. ನೀವು ಅವರಿಗೆ ಹೇಳದಿರುವುದನ್ನು ನಾನೇ ಹೇಳಿಬಿಡುತ್ತೇನೆ, ಇದನ್ನೆಲ್ಲ ಮಣ್ಣಾದ ಮೇಲೆ ಕಲಿತೆನಲ್ಲ ಎಂಬ ಸಂಕಟ ನನಗಿರಲಿ. ಬದಲಿಸಿದ ಗಾಡಿ ಕೊಳ್ಳುವಾಗ ಡ್ಯಾಶ್‌ಬೋರ್ಡಿನ ಬಲಗಡೆಯ ಕೆಳಗೆ ಬಗ್ಗಿ ನೋಡಿ. ಹಳೆಯ ಸ್ಟೀರಿಂಗಿನ ಸರಳು ಅಲ್ಲೇ ಇದ್ದರೆ ಒಳಗೆ ಚೈನಿದೆ ಎಂದರ್ಥ, ಎಷ್ಟೇ ಅಗ್ಗವಾಗಿ ಸಿಕ್ಕಿದರೂ ಅದನ್ನು ಬಿಟ್ಟು ಬನ್ನಿ. ಈಗಾಗಲೇ ಚೈನಿನ ಗಾಡಿ ನಿಮ್ಮ ಹತ್ತಿರವಿದ್ದರೆ, ಇಂಜಿನ್ ಚಾಲೂ ಇಟ್ಟು ನಿಂತಲ್ಲೇ ಸ್ಟೀರಿಂಗನ್ನು ಎರಡು ಬೆರಳಿನಿಂದ ಮೆಲ್ಲಗೆ ಅತ್ತಿತ್ತ ಆಡಿಸಿ, ಹೊರಗೆ ಯಾರನ್ನಾದರೂ ಮುಂದಿನ ಚಕ್ರ ನೋಡಲು ನಿಲ್ಲಿಸಿ. ಸ್ಟೀರಿಂಗ್ ತಿರುಗಿಯೂ ಚಕ್ರ ಅಲುಗದಿದ್ದರೆ, ಇಲ್ಲವೇ ಒಳಗೆಲ್ಲೋ ಕಟಕ್ ಎಂದರೆ, ಆ ಗಾಡಿಯನ್ನು ಘಾಟಿಗೆ ಹತ್ತಿಸಬೇಡಿ. ಬಿಗಿ ಮಾಡಿಕೊಡುತ್ತೇನೆ, ಎಣ್ಣೆ ಬಿಡುತ್ತೇನೆ ಎಂದು ಶೆಡ್ಡಿನವನು ಸಮಾಧಾನ ಹೇಳಿದರೆ ನಂಬಬೇಡಿ. ಬ್ರೇಕಿನ ಪೆಡಲನ್ನು ಹೇಗೆ ಎಡಕ್ಕೆ ತಂದಿದ್ದಾನೆಂದು ಕೇಳಿ, ಒಂದು ಉದ್ದ ಸರಳಿನ ತುದಿಗೆ ಬೆಸುಗೆ ಹಾಕಿದ್ದರೆ ಅದೂ ಇದೇ ಜಾತಿಯದು. ಮುಂದಿನ ದೀಪಗಳನ್ನು ಕೂಡ ಬದಲಿಸಬೇಕು, ಹಳೆಯವು ಎದುರಿನವನ ಕಣ್ಣಿಗೇ ಬೆಳಕು ಹೊಡೆಯುತ್ತವೆ. ಕಾಯುವ ಹಾಗಿದ್ದರೆ ಕಾಯಿರಿ. ಒಂದು ಬೇಸಿಗೆ ದುಡಿಮೆಯಿಲ್ಲದೆ ಕಳೆದರೂ ಮನುಷ್ಯ ಮನೆಯಲ್ಲಿ ಇರುತ್ತಾನೆ.

ಗಾಡಿ ಬಂದ ಮೊದಲ ವಾರ ನಾನು ಬಲಗಡೆಯ ಸೀಟಿನಲ್ಲಿ ಕೂತು ಹೋದೆ. ಮುಂದೆ ಲಾರಿ ಸಿಕ್ಕಿತು. ಅವರ ಕಣ್ಣೆದುರೇ ರಸ್ತೆ ಪೂರ್ತಿ ಖಾಲಿ ಬಿದ್ದಿತ್ತು. ಆದರೂ, "ಬೈಬಿಚೆ, ಹೇಗಿದೆ?" ಎಂದರು.

"ಚರಂಡಿ ಚೆನ್ನಾಗಿದೆ," ಎಂದೆ. "ಎರಡು ಕುರಿ ಮೇಯ್ತಾ ಇವೆ."

ವ್ಯಾನಿಡೀ ನಕ್ಕಿತು, ಅವರೂ ನಕ್ಕರು. ಆದರೆ ಮುಂದೆ ಹೋಗಲಿಲ್ಲ, ಆ ಲಾರಿಯ ಹೊಗೆ ಕುಡಿಯುತ್ತಲೇ ಘಾಟಿಯ ತುದಿಯವರೆಗೆ ಹೋದರು. ಸಂಜೆ ಮನೆಗೆ ಬಂದು ಬೂಟು ಬಿಚ್ಚುತ್ತಾ, ನನ್ನ ಮುಖ ನೋಡದೆ, "ಚಳಿಗೆ ನಿನ್ನ ಮಂಡಿ ನೋಯುತ್ತೆ. ಇನ್ನು ನನಗೇ ಕಾಣುತ್ತಲ್ಲ. ನೀನು ಮನೇಲಿ ಆರಾಮಾಗಿರು" ಎಂದರು.

"ನನ್ನ ಕೆಲಸ ಹೋಯ್ತು ಅನ್ನಿ," ಎಂದೆ.

"ಪಿಂಚಣಿ ಕೊಡ್ತೀನಿ ಬಿಡು," ಎಂದರು.

ನನಗೆ ಬೇಜಾರಾಯಿತು, ಮಂಡಿಗೆ ಹಾಯೆನಿಸಿತು. ಆಮೇಲಿನ ದಿನಗಳಲ್ಲಿ ಊಟಕ್ಕೆ ಕೂತಾಗ, "ಸ್ಟೀರಿಂಗು ಸ್ವಲ್ಪ ಯೋಚನೆ ಮಾಡಿ ಆಮೇಲೆ ತಿರುಗುತ್ತೆ, ಆಫೀಸಿನವರ ತರ" ಎಂದು ನಗಾಡುತ್ತಿದ್ದರು. ಶೆಡ್ಡಿಗೂ ತೋರಿಸಿಕೊಂಡು ಬಂದರು. ಹೊಸದು, ಪಳಗುತ್ತದೆ ಎಂದು ಅವನು ಹೇಳಿ ಕಳಿಸಿದ್ದ.

ಅವರು ಹೋದ ದಿನ ಗಾಡಿಯಲ್ಲಿ ಪ್ರಯಾಣಿಕರಿರಲಿಲ್ಲ. ನಾರಿನ್‌ನಲ್ಲಿರುವ ಮಗಳ ಮನೆಗೆ ಹಿಟ್ಟಿನ ಮೂಟೆ ಕೊಡಲು ಹೊರಟಿದ್ದರು. ಅವರ ಮುಂದಿದ್ದ ಲಾರಿಯ ಚಾಲಕ ಜೋಲ್ದೋಶ್ ಮಣ್ಣಿನ ದಿನ ನಮ್ಮ ಮನೆಗೆ ಬಂದ. ಸಾವಿನ ಮನೆಗೆ ಬರುವ ಗಂಡಸರು ದೂರದಿಂದಲೇ ಗಟ್ಟಿಯಾಗಿ ಅಳುತ್ತಾ ಬರುವುದು ನಮ್ಮ ರೂಢಿ, ಆದರೆ ಅವನ ಅಳು ರೂಢಿಯದಾಗಿರಲಿಲ್ಲ. ನನ್ನೆದುರು ಕೂತು, "ಅಕ್ಕ, ಅಣ್ಣ ನನ್ನ ಹಿಂದೆನೇ ಇದ್ರು. ಓವರ್‌ಟೇಕ್ ಮಾಡೋಕೆ ಬರ್ಲೇ ಇಲ್ಲ. ಬಲಕ್ಕೆ ತಿರುವು ಬಂತು, ನಾನು ತಿರುಗಿದೆ. ಕನ್ನಡೀಲಿ ನೋಡ್ತೀನಿ, ಅವರು ನೇರ ಹೋದ್ರು" ಎಂದ. ಇದನ್ನೇ ನಿಮ್ಮ ಅಧಿಕಾರಿಗೂ ಹೇಳಿದ್ದಾನೆ. ಅವರು ಬರೆದುಕೊಳ್ಳಲಿಲ್ಲ. ಗಾಡಿ ರಸ್ತೆಯ ಎಡಗಡೆಯಿಂದ ಬಿದ್ದಿದೆ, ಹಿಂದಿಕ್ಕಲು ಹೋಗದೆ ಎಡಗಡೆಗೆ ಯಾಕೆ ಹೋಗುತ್ತದೆ ಎಂದರಂತೆ. ಬಲಕ್ಕೆ ತಿರುಗುವ ರಸ್ತೆಯಲ್ಲಿ ಚಕ್ರ ತಿರುಗದ ಗಾಡಿ ಎಡಗಡೆಗಲ್ಲದೆ ಇನ್ನೆಲ್ಲಿಗೆ ಹೋಗಬೇಕು ಮಾನ್ಯರೇ? ಎಡಕ್ಕೆ ಕೂತರೆ ಎದುರಿನದು ಕಾಣುತ್ತದೆ ಎಂದಿರಿ. ಹೌದು, ಆ ತಿರುವು ಅವರಿಗೆ ಚೆನ್ನಾಗಿಯೇ ಕಂಡಿರುತ್ತದೆ. ಕೈಯಲ್ಲಿ ಸುಮ್ಮನೆ ಸುತ್ತುವ ಸ್ಟೀರಿಂಗ್ ಹಿಡಿದು ಅದು ಹತ್ತಿರವಾಗುವುದನ್ನು ಪೂರ್ತಿ ನೋಡಿರುತ್ತಾರೆ. ಆಗ ಅವರು ನನ್ನನ್ನು ಕರೆದರೋ ಏನೋ. ಪಕ್ಕದಲ್ಲಿ ನಾನಿರಲಿಲ್ಲ.

"ಬಿಟ್ಟುಬಿಡಿ ಅಮ್ಮ," ಎಂದು ಮಗಳು ಹೇಳುತ್ತಾಳೆ. "ಕಾಗದದಲ್ಲಿ ಏನಿದ್ರೇನು? ಅಪ್ಪ ಎಂಥೋರು ಅಂತ ನಮಗೆ ಗೊತ್ತಿಲ್ವಾ?" ನಮಗೆ ಗೊತ್ತು. ಆದರೆ ಹೋದ ವಾರ ಬಜಾರಿನಲ್ಲಿ, ಮಕ್ಕಳನ್ನು ನಮ್ಮ ವ್ಯಾನಿನಲ್ಲೇ ಕಾಲೇಜಿಗೆ ಕಳಿಸುತ್ತಿದ್ದ ಹೆಂಗಸೊಬ್ಬಳು ನಾನು ಹಿಂದೆ ನಿಂತದ್ದು ನೋಡದೆ, "ಸದ್ಯ, ಅವತ್ತು ನನ್ನ ಮಗಳು ಅದರಲ್ಲಿ ಇರ್ಲಿಲ್ಲ. ಅಷ್ಟು ಜೋರಾಗಿ ಓಡಿಸ್ತಿದ್ರಂತಲ್ಲ ಪುಣ್ಯಾತ್ಮ" ಎಂದಳು. ಅವಳ ತಪ್ಪಿಲ್ಲ. ಮೊಹರು ಇರುವ ಕಾಗದವನ್ನು ಜನ ನಂಬುತ್ತಾರೆ, ನಾವೂ ನಂಬಿದ್ದೆವು. ಲಾರಿಯ ಹೊಗೆ ಕುಡಿದುಕೊಂಡೇ ಬೆಟ್ಟ ಹತ್ತಿದ ಮನುಷ್ಯ ಊರಿನವರ ಬಾಯಲ್ಲಿ ಅವಸರಗೇಡಿಯಾಗಿ ಉಳಿಯುವುದನ್ನು ನನ್ನಿಂದ ನೋಡಲಾಗುವುದಿಲ್ಲ.

ಆದ್ದರಿಂದ ನನ್ನ ಒತ್ತಾಯ ಇಷ್ಟು. ವ್ಯಾನನ್ನು ಗುಜರಿಗೆ ಹಾಕುವ ಮುನ್ನ ಅದರ ಡ್ಯಾಶ್‌ಬೋರ್ಡನ್ನು ನನ್ನ ಎದುರು, ಜೋಲ್ದೋಶನ ಎದುರು, ಈ ಪತ್ರಿಕೆಯವರ ಎದುರು ಬಿಚ್ಚಿಸಿ. ಅದೇ ಮೊಹರು ಹೊತ್ತು ಇವತ್ತೂ ಘಾಟಿ ಹತ್ತುತ್ತಿರುವ ಚೈನಿನ ಗಾಡಿಗಳನ್ನೆಲ್ಲ ಕರೆಸಿ, ಮುಚ್ಚಳ ತೆಗೆದು ನೋಡಿ. ನನಗೆ ಪರಿಹಾರ ಬೇಡ. ಶರತ್ಕಾಲದಲ್ಲಿ ನಮ್ಮವರು ಹೋಗಿ ಒಂದು ವರ್ಷವಾಗುತ್ತದೆ, ಅದರ ಊಟವಿದೆ. ನಮ್ಮ ರೂಢಿಯಂತೆ ಕುದುರೆ ಕಡಿಯುತ್ತೇವೆ, ಈ ದಾರಿಯ ಚಾಲಕರೆಲ್ಲ ಬರುತ್ತಾರೆ, ತೀರಿಕೊಂಡವರ ಬಗ್ಗೆ ಬಂದವರು ಎದ್ದು ನಿಂತು ಮಾತಾಡುತ್ತಾರೆ. ಚೈನು ಇಡಿಯಾಗಿದ್ದರೆ, ತಪ್ಪು ಒಮುರ್ಜಾಕ್ ಅವರದೇ ಎಂಬ ನಿಮ್ಮ ವಾಕ್ಯವನ್ನು ಅಷ್ಟೂ ಜನರ ಮುಂದೆ ನಾನೇ ಓದುತ್ತೇನೆ. ಚೈನು ತುಂಡಾಗಿದ್ದರೆ ನೀವು ಬನ್ನಿ. ಅತಿಥಿಯ ಪಾಲಿನ ಮಾಂಸ ನಿಮಗೆ ಎತ್ತಿಟ್ಟಿರುತ್ತೇನೆ, ನಿಮ್ಮ ಮೇಲೆ ಯಾರೂ ದನಿ ಏರಿಸದ ಹಾಗೆ ನೋಡಿಕೊಳ್ಳುತ್ತೇನೆ. ಎದ್ದು ನಿಂತು, ಅವರು ತಪ್ಪು ಮಾಡಲಿಲ್ಲ ಎಂದು ಒಂದು ಸಲ ಹೇಳಿ ಸಾಕು. ಶೋಕ ಮುಗಿಯಿತೆಂದು ಆ ದಿನ ವಿಧವೆ ಕರಿ ಬಟ್ಟೆ ತೆಗೆದು ತಲೆಗೆ ಬಿಳಿ ವಸ್ತ್ರ ಕಟ್ಟಿಕೊಳ್ಳಬೇಕು. ಮಗಳು ಈಗಾಗಲೇ ತಂದಿಟ್ಟಿದ್ದಾಳೆ. ನೀವು ಬಂದು ಆ ಮಾತು ಹೇಳುವವರೆಗೆ ನಾನು ಅದನ್ನು ಕಟ್ಟುವುದಿಲ್ಲ.

ಇಂತಿ,
ನಿಮ್ಮ ಮೊಹರನ್ನು ನಂಬಿ ಮನೆಯಲ್ಲಿ ಉಳಿದವಳು,
ಬುರುಲ್ಚಾ
ಕೊಚ್ಕೋರ್