ನಕ್ಷೆಯಲ್ಲಿ ಬಿಳಿಯಾಗಿ ಉಳಿದ ಊರು

ಭೂಕಂಪ ವೀಕ್ಷಣಾ ಕಚೇರಿ, ಹಿಂದಿನ ಕೋಣೆ
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತಾ? ಎರಡು ಕಂಕುಳಿಗೂ ಒಂದೊಂದು ಮಗು ಏರಿಸಿಕೊಂಡು ಓಡಾಡಬೇಡ ಅಂದರೆ ನೀನು ಕೇಳುವವಳಲ್ಲ. ಶಿಶುವಿಹಾರದ ಹೊಸ ಬಾಡಿಗೆ ಮನೆಗೆ ಬಣ್ಣ ಬಳಿದಾಯಿತು, ಆಗಲೇ ಹನ್ನೆರಡು ಮಕ್ಕಳು ಬರುತ್ತಿವೆ ಎಂದು ಅಮ್ಮ ಹೇಳಿದಳು. ನಾವಿಬ್ಬರೂ ಮುಖ ಊದಿಸಿಕೊಂಡು ಫೋನ್ ಇಟ್ಟ ಮೇಲೆ ನಿನ್ನ ಸುದ್ದಿಯೆಲ್ಲ ಅಮ್ಮನಿಂದಲೇ ತಿಳಿಯುತ್ತಿದೆ. ಆವತ್ತು ನನ್ನ ಬಾಯಿಂದ ಬಾರದ್ದನ್ನು ಈಗ ಬರೆಯುತ್ತಿದ್ದೇನೆ.

ನಾನು ಚೆನ್ನಾಗಿದ್ದೇನೆ. ಇಲ್ಲಿನವರು ಬರೆದ ವರದಿಗಳನ್ನು ಜನಕ್ಕೆ ಅರ್ಥವಾಗುವ ಮಾತಿಗೆ ಇಳಿಸುವುದು ನನ್ನ ಕೆಲಸ. ಮೊದಲ ಕರಡು ನೋಡಿದ ಕೂಡಲೇ ನಮ್ಮ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ದೊಡ್ಡಮೇಡಂ, "ಹೋಲಿಕೆಗಳನ್ನೆಲ್ಲ ತೆಗಿ ಮಗು, ಜನ ಅದನ್ನೇ ನಿಜ ಅಂತ ಹಿಡ್ಕೊಂಡು ಕೂತುಬಿಡ್ತಾರೆ" ಅಂದರು. ಅವರ ಕೋಣೆಯ ಗೋಡೆಯುದ್ದಕ್ಕೂ ಒಂದು ನಕ್ಷೆಯಿದೆ. ಅದರ ನಡುವೆ ನೆಲದ ಬಿರುಕಿನ ಗೆರೆ. ಆ ಗೆರೆಯ ಯಾವ ಭಾಗ ಜಾರಿ ಭೂಮಿ ನಡುಗಿತೋ ಆ ಭಾಗಕ್ಕೆ ಮೇಡಂ ತಾವೇ ಸ್ಟೂಲ್ ಹತ್ತಿ ಕೆಂಪು ಪೆನ್ಸಿಲ್ ಬಳಿಯುತ್ತಾರೆ. ಯಾರ ನೆನಪಿನಲ್ಲೂ ಜಾರದ ಭಾಗ ಬಿಳಿಯಾಗಿಯೇ ಉಳಿಯುತ್ತದೆ. ಅದೇ ನಕ್ಷೆ ನಮ್ಮ ಕ್ಯಾಲೆಂಡರಿನ ಮೇಲೂ ಇದೆ. ತಂಗಿಯ ಕಚೇರಿಯದು ಎಂಬ ಅಭಿಮಾನಕ್ಕೆ ನೀನು ಅದನ್ನು ಅಡುಗೆಮನೆಯಲ್ಲಿ ತೂಗುಹಾಕಿದೆ. ಶಿಶುವಿಹಾರಕ್ಕೆ ಊರನ್ನೂ ಅದರಲ್ಲೇ ಆರಿಸಿದೆ. "ಸುತ್ತ ಎಲ್ಲಾ ಕೆಂಪು ಕಣೇ, ಇದೊಂದೇ ಬೆಳ್ಳಗಿದೆ" ಎಂದು ಎಷ್ಟು ಖುಷಿಯಿಂದ ಹೇಳಿದೆ. ಮನೆಯ ಓನರ್ ಬೇರೆ, ತಮ್ಮ ತಾತನ ಕಾಲದಿಂದ ಲೋಟದ ನೀರೂ ಅಲುಗಿಲ್ಲ ಅಂದರಂತೆ. ನಾನು "ಅಲ್ಲಿ ಬೇಡ" ಅಂದೆ, ಮುಂದಕ್ಕೆ ತಡವರಿಸಿದೆ. "ಹಾಗಾದ್ರೆ ನಡುಗಿ ಗೋಡೆ ಬಿರುಕು ಬಿಟ್ಟ ಊರಲ್ಲೇ ಮಕ್ಕಳನ್ನ ಮಲಗಿಸ್ಲಾ?" ಎಂದು ನೀನು ಕೇಳಿದ್ದು ನ್ಯಾಯವಾಗಿಯೇ ಇತ್ತು.

ಅದಕ್ಕೆ ಉತ್ತರ ಇಷ್ಟು. ಬಿರುಕಿನ ಎರಡೂ ಬದಿಯ ನೆಲ ಸದಾ ಸರಿಯುತ್ತಿರುತ್ತದೆ, ಉಗುರು ಬೆಳೆಯುವಷ್ಟು ನಿಧಾನವಾಗಿ. (ಮೇಡಂ ಹೊಡೆದುಹಾಕದೆ ಬಿಟ್ಟ ಒಂದೇ ಹೋಲಿಕೆ ಇದು.) ಜಾರಿದ ಕಡೆ ಬಿಗಿ ಸಡಿಲವಾಗುತ್ತದೆ. ಅಕ್ಕಪಕ್ಕದ ಭಾಗಗಳು ಜಾರಿಯೂ ನಡುವಿನದು ಕದಲಲಿಲ್ಲ ಎಂದರೆ ಅದು ಸಿಕ್ಕಿಕೊಂಡಿರಬಹುದು, ಬಿಗಿ ಏರುತ್ತಲೇ ಇರಬಹುದು. ಮುಂದಿನ ಕಂಪನ ಎಲ್ಲಿ ಎಂದು ಊಹಿಸಲು ಇವರು ಮೊದಲು ನೋಡುವುದು ಆ ಸದ್ದಿಲ್ಲದ ಜಾಗವನ್ನೇ. ಚಿಕ್ಕವಳಿದ್ದಾಗ ನಾನು ಮೂಲೆಯಲ್ಲಿ ಸುಮ್ಮನೆ ಕೂತರೆ ನೀನು "ಗುಮ್ಮಿ ಏನೋ ಕೂಡಿಹಾಕ್ತಿದ್ದಾಳೆ, ಹುಷಾರು" ಅನ್ನುತ್ತಿದ್ದೆಯಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ.

ಆದರೆ ಎಲ್ಲ ಮೌನವೂ ಒಂದೇ ಅಲ್ಲವಂತೆ. ಕೆಲವು ಕಡೆ ನೆಲ ಯಾರಿಗೂ ತಿಳಿಯದಂತೆ ಚೂರುಚೂರೇ ಜಾರಿ ಏನನ್ನೂ ಕೂಡಿಹಾಕದೆ ಇರುತ್ತದೆ. ಒಂದು ಕಡೆ ಕಣ್ಣಿಟ್ಟು ಕಾದು, ಕಂಪನ ಬೇರೆಲ್ಲೋ ಆಗಿ ಇವರು ಪೆಚ್ಚಾದದ್ದೂ ಇದೆ. ನಿನ್ನ ಊರಿನದು ಯಾವ ಬಗೆ ಎಂದು ಹೇಳಲು ನೆಲದ ಅಲುಗಾಟ ಅಳೆಯುವ ಒಂದು ಯಂತ್ರವೂ ಅಲ್ಲಿಲ್ಲ. "ಬಾಗಿಲಿಗೆ ಕಿವಿ ಇಡದೆ, ಒಳಗಿರೋರು ನಿದ್ದೆ ಮಾಡ್ತಿದ್ದಾರೋ ಹಲ್ಲು ಕಚ್ಚಿಕೊಂಡು ನಿಂತಿದ್ದಾರೋ ಹೇಗೆ ಹೇಳ್ಲಿ?" ಅಂದರು ಮೇಡಂ, ತಮ್ಮ ಕಟ್ಟಪ್ಪಣೆ ತಾವೇ ಮರೆತು. ನಾನು ನಗಲಿಲ್ಲ.

ಆದ್ದರಿಂದ ಊರು ಬಿಡು ಎಂದು ಹೇಳುವ ಧೈರ್ಯ ನನಗಿಲ್ಲ. ನಾಳೆಯೇ ಆಗಬಹುದು, ನಿನ್ನ ಮಕ್ಕಳು ಮುದುಕರಾದ ಮೇಲೂ ಆಗದಿರಬಹುದು. ಅಲ್ಲಿ ದುಡಿಯುವ ತಾಯಂದಿರು ಮಕ್ಕಳನ್ನು ಎಲ್ಲಾದರೂ ಬಿಡಲೇಬೇಕು. ನಿನ್ನ ಕೈಗಿಂತ ಒಳ್ಳೆಯ ಜಾಗ ಅವರಿಗೆ ಎಲ್ಲಿ ಸಿಗುತ್ತದೆ? ನನ್ನ ನಿದ್ದೆ ಕೆಡಿಸಿರುವುದು ಅಮ್ಮ ಕಳಿಸಿದ ನಿನ್ನ ಮನೆಯ ಫೋಟೋ. ಮಹಡಿಯ ಮೇಲೆ ಇಟ್ಟಿಗೆಯಲ್ಲಿ ಕಟ್ಟಿದ ಅಷ್ಟು ದೊಡ್ಡ ನೀರಿನ ಟ್ಯಾಂಕ್ ಇದೆಯಲ್ಲ, ಅದನ್ನು ನಮ್ಮ ಎಂಜಿನಿಯರಿಗೆ ತೋರಿಸಿದೆ. ಅವರು ದೊಡ್ಡದು ಮಾಡಿ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಆಮೇಲೆ "ಇದರ ಕೆಳಗೆ ಯಾರು ಮಲಗ್ತಾರೆ?" ಎಂದು ಕೇಳಿದರು. ನಾನು ಹೇಳಿದೆ. "ನೆಲ ನಡುಗಿದರೆ ಮೊದಲು ಕುಸಿಯೋದು ಇದೇ" ಎಂದು ಅವರು ಟ್ಯಾಂಕಿನ ಮೇಲೆ ಬೆರಳಿಟ್ಟರು.

ಕೋಪ ಇನ್ನೂ ಇದ್ದರೆ ಇರಲಿ, ಕಾಗದವನ್ನು ಮಾತ್ರ ಹರಿಯಬೇಡ. ಸೊಂಟಕ್ಕೆ ಬಿಸಿನೀರಿನ ಶಾಖ ಕೊಡು. ಹನ್ನೆರಡು ಮಕ್ಕಳ ಕೆನ್ನೆಗೂ ನನ್ನ ಮುತ್ತು.

ನಿನ್ನ,
ಗುಮ್ಮಿ

ಮರೆತಿದ್ದೆ: ನಿನ್ನ ಊರಲ್ಲಿ ಯಂತ್ರ ಇಡುವುದೆಂದು ಇವತ್ತು ಮೀಟಿಂಗಿನಲ್ಲಿ ತೀರ್ಮಾನವಾಯಿತು. ಜೊತೆಗೆ ಒಬ್ಬರು ಅಲ್ಲೇ ಉಳಿಯಬೇಕಂತೆ. ಯಾರು ಹೋಗ್ತೀರಿ ಎಂದರೆ ಎಲ್ಲರೂ ಮೇಜು ನೋಡಿದರು; ನಾನು ಕೈ ಎತ್ತಿದೆ. ನಿನ್ನ ಮನೆಯ ಹಿಂಭಾಗದ ಉಗ್ರಾಣದ ಕೋಣೆಯಲ್ಲಿ ಜಾಗವಿದೆ ಎಂದು ನಿನ್ನನ್ನು ಕೇಳದೆಯೇ ಹೇಳಿಬಿಟ್ಟಿದ್ದೇನೆ. ಹಗಲೆಲ್ಲ ಮಕ್ಕಳ ಕುಣಿತವೇ ದಾಖಲಾಗುತ್ತದೆ ಎಂದು ಮೇಡಂ ನಕ್ಕರು, ಅವು ಮಲಗಿದಾಗ ನೆಲ ಕೇಳಿಸಿದರೆ ಸಾಕಂತೆ. ಭಾನುವಾರ ಎಂಜಿನಿಯರ್ ಜೊತೆ ಬರುತ್ತೇನೆ, ನನಗೂ ಒಂದು ಚಾಪೆ ಹಾಸಿಡು. ಮಕ್ಕಳನ್ನು ಟ್ಯಾಂಕಿನ ಕೆಳಗೆ ಬೇಡ, ಮುಂದಿನ ಹಾಲ್‌ನಲ್ಲಿ ಮಲಗಿಸು. ಟ್ಯಾಂಕ್ ಮಾತ್ರ ಭಾನುವಾರದವರೆಗೆ ಕಾಯುವುದು ಬೇಡ ಅಕ್ಕಾ, ಓದಿದ ತಕ್ಷಣ ಖಾಲಿ ಮಾಡಿಸು.